ತಂತಿ ಚೌಕಟ್ಟಿನ ನೇಯ್ಗೆ: ದಾರ ಎಳೆಯುತ್ತದೆ, ತಂತಿ ತಡೆಯುತ್ತದೆ

ತಂತಿ ಚೌಕಟ್ಟಿನ ಮೇಲೆ ನಾನು ಮೊದಲ ಸಲ ನೇಯಲು ಕೂತ ದಿನ ಬೆಳಗ್ಗೆ ಆ ಚೌಕಟ್ಟು ನೀಟಾಗಿಯೇ ಇತ್ತು. ಒಂದೂವರೆ ಅಡಿಯ ಚೌಕ, ನಾಲ್ಕು ಮೂಲೆಯೂ ಸರಿಯಾಗಿತ್ತು. ಮೇಲಿನ ತಂತಿಯಿಂದ ಕೆಳಗಿನ ತಂತಿಗೆ ಹತ್ತಿ ದಾರವನ್ನು ಒಂದರ ಪಕ್ಕ ಒಂದು ಎಳೆದು ಕಟ್ಟಿದೆ. ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಿಂದ ಬಾಳೆನಾರು ತಂದಿದ್ದೆ. ಅದನ್ನು ನೀರಲ್ಲಿ ನೆನೆಸಿ, ದಬ್ಬಳಕ್ಕೆ ಪೋಣಿಸಿ, ಅಡ್ಡಡ್ಡ ತೂರಿಸುತ್ತಾ ಹೋದೆ. ಸಂಜೆ ಹೊತ್ತಿಗೆ ಚೌಕ ಚೌಕವಾಗಿ ಉಳಿದಿರಲಿಲ್ಲ. ಮೇಲಿನ ತಂತಿ ಕೆಳಕ್ಕೆ ಬಾಗಿತ್ತು, ಕೆಳಗಿನದು ಮೇಲಕ್ಕೆ. ನೇಯ್ಗೆಯ ಎಡ ಬಲ ಅಂಚುಗಳು ಒಳಕ್ಕೆ ಸರಿದು ಡಮರುಗದ ಸೊಂಟದ ಹಾಗಾಗಿದ್ದವು. ಬೆಳಗ್ಗೆ ಮೊದಲು ಕಟ್ಟಿದ ದಾರಗಳು ಜೋಲಾಡುತ್ತಿದ್ದವು. ಕೊನೆಗೆ ಕಟ್ಟಿದವು ಮಾತ್ರ ವೀಣೆ ತಂತಿಯ ಹಾಗೆ ಬಿಗಿದಿದ್ದವು.

ನಮ್ಮ ಬೀದಿಯಲ್ಲಿ ಬೆತ್ತದ ಕುರ್ಚಿ ಹೆಣೆಯುವ ಹಿರಿಯರೊಬ್ಬರಿದ್ದರು. ಎಲ್ಲರೂ ಅವರನ್ನು ತಾತ ಅಂತಲೇ ಕರೆಯುತ್ತಿದ್ದರು. ಅವರಿಗೆ ಒಯ್ದು ತೋರಿಸಿದೆ. ತಾತ ಒಂದೊಂದೇ ದಾರವನ್ನು ಬೆರಳಿಂದ ಮೀಟಿ ನೋಡಿದರು. ಆಮೇಲೆ ಹೇಳಿದ್ದು ಇಷ್ಟೇ: "ದಾರ ಗೆದ್ದದೆ, ತಂತಿ ಸೋತದೆ ಕಣವ್ವ."

ಈ ಕೆಲಸವನ್ನು ಅರ್ಥ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಮಾತು ನನಗೆ ಇವತ್ತಿಗೂ ಸಿಕ್ಕಿಲ್ಲ. ಬಾಳೆನಾರು, ಹಾಲಿನ ಪ್ಯಾಕೆಟ್, ಹಳೆ ಕ್ಯಾಸೆಟ್ ಟೇಪು, ತಾಮ್ರದ ತಂತಿ, ಕಬ್ಬಿನ ಸೋಗೆ, ಯಾವುದರಿಂದ ಬೇಕಾದರೂ ನೇಯಬಹುದು. ಅದು ನಿಲ್ಲುತ್ತದೋ ಇಲ್ಲವೋ ಅನ್ನುವುದು ಮಾತ್ರ ಎಳೆಯುವವರು ಯಾರು, ತಡೆಯುವವರು ಯಾರು ಅನ್ನುವ ಲೆಕ್ಕದ ಮೇಲಿದೆ.

ಮಗ್ಗದ ಬಿಗಿ, ಚೌಕಟ್ಟಿನ ಬಿಗಿ

ಹಾಸುಹೊಕ್ಕು ಅನ್ನುವ ಪದ ನಮ್ಮೆಲ್ಲರ ಬಾಯಲ್ಲೂ ಇದೆ. ಅದು ನೇಕಾರರ ಮನೆಯಿಂದ ಬಂದ ಮಾತು. ಉದ್ದಕ್ಕೆ ಬಿಗಿದು ಕಟ್ಟಿದ ಎಳೆ ಹಾಸು. ಅದರೊಳಗೆ ಒಂದರ ಮೇಲೆ, ಒಂದರ ಕೆಳಗೆ ಹೊಕ್ಕು ಹೋಗುವ ಎಳೆಯೇ ಹೊಕ್ಕು. ಹಾಸಿನ ಎಳೆಗೆ ಬಿಗಿ ಇರಲೇಬೇಕು. ಇಲ್ಲದಿದ್ದರೆ ಹೊಕ್ಕು ತಳ್ಳಿದ ಕಡೆಗೆಲ್ಲ ಅದು ಸರಿದುಬಿಡುತ್ತದೆ.

ಮಗ್ಗದ ಮೊದಲ ಕೆಲಸ ಹಾಸನ್ನು ಬಿಗಿಯಾಗಿ ಹಿಡಿಯುವುದು. ಹೊಕ್ಕನ್ನು ಒಯ್ಯುವ ಲಾಳಿ, ಅದನ್ನು ಒತ್ತುವ ಹಣಿಗೆ, ಕಾಲಲ್ಲಿ ತುಳಿಯುವ ಮಣೆ ಇವೆಲ್ಲ ಕೆಲಸ ಬೇಗ ಆಗಲಿ, ಬಟ್ಟೆ ಸಮವಾಗಿ ಬರಲಿ ಅಂತ ಇರುವುವು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಶುರುವಾದ ರೇಷ್ಮೆ ನೇಯ್ಗೆ ಕಾರ್ಖಾನೆಯಾಗಲಿ, ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲದ ಕೈಮಗ್ಗವಾಗಲಿ, ಈ ಮೂಲ ಕೆಲಸ ಒಂದೇ. ಸೀರೆ ಮುಗಿದ ಮೇಲೆ ಅದನ್ನು ಮಗ್ಗದಿಂದ ಕತ್ತರಿಸಿ ತೆಗೆಯುತ್ತಾರೆ. ಕತ್ತರಿಸಿದ ಕ್ಷಣಕ್ಕೆ ಬಿಗಿ ಬಿಟ್ಟುಹೋಗುತ್ತದೆ. ಹಾಸು, ಹೊಕ್ಕು ಎರಡೂ ಸ್ವಲ್ಪ ಸ್ವಲ್ಪ ಬಾಗಿ ಹೊಂದಿಕೊಳ್ಳುತ್ತವೆ. ಬಟ್ಟೆ ಮೆತ್ತಗಾಗಿ ಮೈಮೇಲೆ ಕೂರುತ್ತದೆ. ಅಂದರೆ ಮಗ್ಗದ ಬಿಗಿ ಕೆಲಸ ಮುಗಿಯುವ ತನಕ ತಂದ ಸಾಲ.

ತಂತಿ ಚೌಕಟ್ಟಿನಲ್ಲಿ ಆ ಸಾಲ ತೀರುವುದೇ ಇಲ್ಲ. ನೇಯ್ದದ್ದನ್ನು ಕತ್ತರಿಸಿ ತೆಗೆಯುವುದಿಲ್ಲವಲ್ಲ. ಮಗ್ಗವೂ ಅದೇ, ಮುಗಿದ ವಸ್ತುವಿನ ಮೈಯೂ ಅದೇ. ಗೋಡೆಗೆ ನೇತುಹಾಕಿದ ಮೇಲೂ ದಾರ ಎಳೆಯುತ್ತಲೇ ಇರುತ್ತದೆ, ತಂತಿ ತಡೆಯುತ್ತಲೇ ಇರುತ್ತದೆ, ಹಗಲೂ ರಾತ್ರಿಯೂ. ಸೀರೆ ನೇಯುವಾಗ ಬೇಕಿಲ್ಲದ ಪ್ರಶ್ನೆಗಳೆಲ್ಲ ಇಲ್ಲಿ ಬರುತ್ತವೆ. ಈ ದಾರ ಆರು ತಿಂಗಳ ಮೇಲೂ ಇಷ್ಟೇ ಎಳೆಯುತ್ತದಾ? ಮಳೆಗಾಲದಲ್ಲಿ ಏನಾಗುತ್ತದೆ? ತಂತಿ ಸುಸ್ತಾದರೆ?

ಇದು ನಮಗೆ ಗೊತ್ತಿಲ್ಲದ ವಿಷಯವೇನಲ್ಲ. ನವಾರು ಮಂಚವನ್ನು ವರ್ಷಕ್ಕೊಮ್ಮೆ ಬಿಚ್ಚಿ ಬಿಗಿಯುವುದನ್ನು ಅಜ್ಜಿ ಮನೆಯಲ್ಲಿ ನೋಡಿದವರು ಬೇಕಾದಷ್ಟು ಜನ ಇದ್ದಾರೆ. ಮಂಡ್ಯದ ಕಡೆ ಹಬ್ಬದಲ್ಲಿ ತಮಟೆ ಬಡಿಯುವ ಮುಂಚೆ ಒಣಹುಲ್ಲಿಗೆ ಬೆಂಕಿ ಹಾಕಿ ಕಾಯಿಸುತ್ತಾರೆ, ಅಲ್ವಾ? ಗುಂಡನೆಯ ಗಟ್ಟಿ ಬಳೆಗೆ ಎಳೆದು ಕಟ್ಟಿದ ಚರ್ಮ ಅದು. ಗಾಳಿಯ ತೇವ ಹೀರಿ ಸಡಿಲವಾಗಿರುತ್ತದೆ. ಕಾಯಿಸಿದರೆ ತೇವ ಹೋಗಿ ಚರ್ಮ ಕುಗ್ಗುತ್ತದೆ, ಬಳೆ ಕುಗ್ಗುವುದಿಲ್ಲ, ಬಿಗಿ ಏರುತ್ತದೆ, ನಾದ ಬರುತ್ತದೆ. ಗಟ್ಟಿ ಚೌಕಟ್ಟು ಮತ್ತು ಮೆತ್ತನೆ ವಸ್ತುವಿನ ನಂಟು ಹೇಗಿರುತ್ತದೆ ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವ ಪಾಠ ಬೇರೆ ಇಲ್ಲ.

ಮಂಚದ ಬಗೆ, ಮಂಕರಿ ಬಗೆ

ತಂತಿಯ ಮೇಲಿನ ನೇಯ್ಗೆಯಲ್ಲಿ ಎರಡು ಮನೆತನಗಳಿವೆ. ಇವೆರಡನ್ನೂ ಕಲಸಿಕೊಂಡರೆ ಗೊಂದಲ ಶುರುವಾಗುತ್ತದೆ. ಹೊಸಬರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ.

ಮೊದಲನೆಯದು ಮಂಚದ ಬಗೆ. ತಂತಿ ಸುತ್ತಲೂ ಇರುತ್ತದೆ, ಒಳಗೆಲ್ಲ ದಾರ. ಹಾಸು ಮೆತ್ತನೆಯದು, ಅದಕ್ಕೆ ಬಿಗಿ ಬೇಕು, ಆ ಬಿಗಿಯನ್ನು ತಂತಿ ಹೊರಬೇಕು. ಎರಡನೆಯದು ಮಂಕರಿ ಬಗೆ. ಮೇದರು ಮಂಕರಿ ಹೆಣೆಯುವಾಗ ನಿಲ್ಲಿಸಿದ ಬಿದಿರಿನ ಕಡ್ಡಿಗಳೇ ಹಾಸು. ಅವು ತಾವೇ ಗಟ್ಟಿ, ಯಾರೂ ಎಳೆದು ಹಿಡಿಯಬೇಕಿಲ್ಲ. ವೆಲ್ಡ್ ಮೆಶ್ (ಬೆಸೆದ ತಂತಿ ಜಾಲರಿ) ಅಥವಾ ಸಾಲಾಗಿ ನಿಲ್ಲಿಸಿದ ತಂತಿಗಳ ನಡುವೆ ಬಟ್ಟೆ ಪಟ್ಟಿ ತೂರಿಸುವುದು ಈ ಬಗೆ. ಇಲ್ಲಿ ತಂತಿ ಸೋಲುವ ಭಯ ಕಡಿಮೆ. ಬದಲಿಗೆ ಬೇರೊಂದು ಸಮಸ್ಯೆ ಎದುರಾಗುತ್ತದೆ.

ಬಟ್ಟೆಯೊಳಗೆ ಯಾವ ಎಳೆಯೂ ನೇರವಾಗಿಲ್ಲ. ಹಾಸೂ ಸ್ವಲ್ಪ ಬಳುಕುತ್ತದೆ, ಹೊಕ್ಕೂ ಸ್ವಲ್ಪ ಬಳುಕುತ್ತದೆ. ಬಳುಕುವ ಕೆಲಸವನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. 1937ರಲ್ಲಿ ಎಫ್. ಟಿ. ಪಿಯರ್ಸ್ ಅನ್ನುವ ವಿಜ್ಞಾನಿ ಈ ಹಂಚಿಕೆಯನ್ನು ರೇಖಾಗಣಿತದಲ್ಲಿ ಬಿಡಿಸಿಟ್ಟರು. ಎಳೆಯ ದಪ್ಪ, ನಡುವಿನ ಅಂತರ, ಬಳುಕು ಇವೆಲ್ಲ ಒಂದಕ್ಕೊಂದು ಕಟ್ಟಿಕೊಂಡಿವೆ, ಒಂದು ಕಡೆ ಕಡಿಮೆಯಾದರೆ ಇನ್ನೊಂದು ಕಡೆ ಜಾಸ್ತಿಯಾಗಲೇಬೇಕು ಅನ್ನುವುದು ಅದರ ತಿರುಳು. ಹಾಸು ಕಬ್ಬಿಣದ ತಂತಿಯಾದರೆ ಅದು ಬಳುಕುವುದೇ ಇಲ್ಲ. ಪೂರ್ತಿ ಬಳುಕು ಹೊಕ್ಕಿನ ತಲೆಗೆ ಬರುತ್ತದೆ. ಆದ್ದರಿಂದ ಹೊಕ್ಕು ಮೆತ್ತಗಿರಬೇಕು, ಅಂದುಕೊಂಡಿದ್ದಕ್ಕಿಂತ ಉದ್ದವೂ ಬೇಕು. ಅದೇ ತೆಂಗಿನ ಗರಿಯ ಕಡ್ಡಿಯನ್ನು ಹೊಕ್ಕಾಗಿ ತೂರಿಸಿದರೆ ಹಾಸಿನ ದಾರ ಬಾಗಿಕೊಡಬೇಕು. ಕಿಟಕಿಗೆ ಹಾಕುವ ಬಿದಿರಿನ ಪರದೆಯಲ್ಲಿ ನೋಡಿ, ಕಡ್ಡಿಗಳು ನೆಟ್ಟಗಿರುತ್ತವೆ, ದಾರವೇ ಅವನ್ನು ಸುತ್ತಿ ಬಳಸಿ ಹೋಗಿರುತ್ತದೆ. ಎರಡೂ ಹಟ ಹಿಡಿದರೆ ನೇಯ್ಗೆ ಕೂರುವುದಿಲ್ಲ. ನಡುನಡುವೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ವಿಚಿತ್ರ ವಸ್ತು ಹುಡುಕಿ ತಂದಾಗ ನಾನು ಮೊದಲು ಕೇಳಿಕೊಳ್ಳುವುದು, ಈ ಎರಡರಲ್ಲಿ ಬಾಗುವವರು ಯಾರು ಅಂತ.

ತಂತಿ ಯಾಕೆ ಸೋತಿತು

ಹಾರ್ಡ್‌ವೇರ್ ಅಂಗಡಿಯಲ್ಲಿ ತಂತಿಯನ್ನು ಗೇಜ್ ಲೆಕ್ಕದಲ್ಲಿ ಕೊಡುತ್ತಾರೆ. ಗೇಜ್ ಸಂಖ್ಯೆ ಜಾಸ್ತಿಯಾದಷ್ಟೂ ತಂತಿ ಸಣ್ಣ. ಇದು ಗೊತ್ತಿಲ್ಲದೆ ದೊಡ್ಡ ನಂಬರ್ ಕೇಳಿ ತಂದವರು ಬಹಳ ಜನ. ನನ್ನ ಮೊದಲ ಚೌಕಟ್ಟು 14 ಗೇಜ್ ತಂತಿಯದು, ಸುಮಾರು 2 ಮಿಲಿಮೀಟರ್ ದಪ್ಪ. 8 ಗೇಜ್ ಸುಮಾರು 4 ಮಿಲಿಮೀಟರ್. ದಪ್ಪ ಎರಡು ಪಟ್ಟು ಅಷ್ಟೇ. ಆದರೆ ಬಾಗದೆ ನಿಲ್ಲುವ ಶಕ್ತಿ ಎರಡು ಪಟ್ಟಲ್ಲ, 16 ಪಟ್ಟು.

ಇದು ಯಾಕೆ ಅಂತ ಸ್ವಲ್ಪ ನಿಂತು ನೋಡೋಣ. ತಂತಿ ಬಾಗಬೇಕಾದರೆ ಅದರ ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು. ಸರಿಯಾಗಿ ನಡುವಿನಲ್ಲಿರುವ ಲೋಹಕ್ಕೆ ಹಿಗ್ಗೂ ಇಲ್ಲ, ಕುಗ್ಗೂ ಇಲ್ಲ. ನಡುವಿನಿಂದ ದೂರ ಹೋದಷ್ಟೂ ಲೋಹ ಜಾಸ್ತಿ ಹಿಗ್ಗಬೇಕಾಗುತ್ತದೆ, ಜಾಸ್ತಿ ತಡೆ ಒಡ್ಡುತ್ತದೆ. ದಪ್ಪ ತಂತಿಯಲ್ಲಿ ಲೋಹವೂ ಜಾಸ್ತಿ, ಆ ಲೋಹ ಇರುವುದೂ ದೂರದಲ್ಲಿ. ಈ ಎರಡು ಲಾಭ ಸೇರಿ ಲೆಕ್ಕ ನಾಲ್ಕನೇ ಘಾತಕ್ಕೆ ಏರುತ್ತದೆ. ಎರಡನ್ನು ನಾಲ್ಕು ಸಲ ಗುಣಿಸಿದರೆ 16. ತೂಕ ಮಾತ್ರ ನಾಲ್ಕೇ ಪಟ್ಟು.

ಉದ್ದದ ಕಥೆಯೂ ಹೀಗೆಯೇ ಜೋರು. ಒಟ್ಟು ಎಳೆತ ಅಷ್ಟೇ ಇದ್ದು ತಂತಿಯ ಉದ್ದ ಅರ್ಧವಾದರೆ, ಅದು ಬಾಗುವುದು ಎಂಟರಲ್ಲೊಂದು ಪಾಲು. ದೊಡ್ಡ ಚೌಕಟ್ಟಿಗೆ ನಡುವೆ ಒಂದು ಅಡ್ಡ ತಂತಿ ಕೊಡುವುದು ಇದಕ್ಕಾಗಿಯೇ.

ಇನ್ನು ಎಳೆಯುವವರ ಕಡೆ. ಒಂದು ದಾರದ ಎಳೆತ ಏನು ಮಹಾ ಅನ್ನಿಸುತ್ತದೆ. ಒಂದೊಂದೂ 50 ಗ್ರಾಂ ಎಳೆದರೂ 40 ದಾರ ಸೇರಿ 2 ಕೆಜಿ. ತಂತಿಗೆ 2 ಕೆಜಿ ಅಕ್ಕಿ ಚೀಲ ಕಟ್ಟಿ ನೇತುಹಾಕಿದ ಹಾಗೆ. ಅದೂ ಒಂದು ದಿನಕ್ಕಲ್ಲ. 2 ಮಿಲಿಮೀಟರ್ ತಂತಿ ಅದನ್ನು ತಾಳುವುದಿಲ್ಲ.

ಮೊದಲು ಕಟ್ಟಿದ ದಾರ ಯಾಕೆ ಜೋಲಿತು ಅನ್ನುವುದೂ ಈಗ ಗೊತ್ತಾಗುತ್ತದೆ. ಮೊದಲ ದಾರ ಕಟ್ಟುವಾಗ ಚೌಕಟ್ಟು ನೇರವಾಗಿತ್ತು. ಮುಂದಿನ ಒಂದೊಂದು ದಾರವೂ ಮೇಲಿನ ತಂತಿಯನ್ನು ಒಂಚೂರು ಕೆಳಕ್ಕೆ ಎಳೆಯಿತು. ದೂರ ಕಡಿಮೆಯಾಯಿತು, ಹಳೆ ದಾರ ಸಡಿಲವಾಯಿತು. ಮತ್ತೆ ಬಿಗಿ ಮಾಡಿದರೆ ಇನ್ನೊಂದು ಸಡಿಲ. ಇದಕ್ಕೆ ತಾತ ಹೇಳಿಕೊಟ್ಟ ಉಪಾಯ ಬಿಲ್ಲಿನದು. ಹಾಸು ಹಾಕುವ ಮುಂಚೆ ಮೇಲಿನ ತಂತಿಯನ್ನೂ ಕೆಳಗಿನ ತಂತಿಯನ್ನೂ ಒಂದು ಗಟ್ಟಿ ಹಗ್ಗದಿಂದ ಸ್ವಲ್ಪ ಒಳಕ್ಕೆ ಎಳೆದು ಕಟ್ಟಬೇಕು. ಆ ಸ್ಥಿತಿಯಲ್ಲೇ ಹಾಸನ್ನೆಲ್ಲ ಹದವಾಗಿ ಹಾಕಬೇಕು. ಕೊನೆಗೆ ಹಗ್ಗ ಕತ್ತರಿಸಬೇಕು. ತಂತಿ ಹೊರಕ್ಕೆ ಚಿಮ್ಮುತ್ತದೆ, ಎಲ್ಲ ದಾರವೂ ಒಟ್ಟಿಗೆ ಬಿಗಿಯುತ್ತದೆ. ಮೊದಲ ಸಲ ಮಾಡಿದಾಗ ನಲವತ್ತು ದಾರ ಒಂದೇ ಸಲ ಟಣ್ ಅಂದದ್ದು ನನಗೆ ಇನ್ನೂ ನೆನಪಿದೆ.

ಇದಕ್ಕೆ ಚಿಮ್ಮುವ ತಂತಿಯೇ ಬೇಕು. ಕಟ್ಟಡದವರು ಕಂಬಿ ಕಟ್ಟುವ ಬೈಂಡಿಂಗ್ ವೈರ್ ಇದಕ್ಕೆ ಆಗುವುದಿಲ್ಲ. ಅದನ್ನು ಕಾಯಿಸಿ ಮೆತ್ತಗೆ ಮಾಡಿರುತ್ತಾರೆ, ಬಗ್ಗಿಸಿದ ಕಡೆ ಸುಮ್ನೆ ಇರುತ್ತದೆ. ಮೂಲೆ ಕಟ್ಟಲು ಅದು ಚಿನ್ನದಂಥದು, ಮೈಗೆ ಬೇಡ. ಇನ್ನೊಂದು ವಿಷಯ: ನುಣುಪಾದ ತಂತಿಯ ಮೇಲೆ ದಾರ ಜಾರಿ ನಡುವಿಗೆ ಗುಂಪು ಕಟ್ಟುತ್ತದೆ. ತಂತಿಗೆ ಮೊದಲೇ ಹಳೆ ಸೀರೆಯ ಪಟ್ಟಿ ಸುತ್ತಿಬಿಟ್ಟರೆ ದಾರ ಕಟ್ಟಿದ ಕಡೆಯೇ ನಿಲ್ಲುತ್ತದೆ.

ಡಮರುಗದ ಸೊಂಟಕ್ಕೆ ಕಾರಣ ಬೇರೆ. ಅದು ಹೊಕ್ಕಿನ ತಪ್ಪು, ಅಂದರೆ ನನ್ನ ಕೈಯ ತಪ್ಪು. ಹೊಕ್ಕನ್ನು ನೇರ ಎಳೆದು ಬಿಗಿಗೊಳಿಸಿದ್ದೆ. ಹೊಕ್ಕು ಮೇಲೆ ಕೆಳಗೆ ಬಳುಕಿ ಹೋಗಬೇಕಾದ್ದರಿಂದ ಅದಕ್ಕೆ ಅಗಲಕ್ಕಿಂತ ಜಾಸ್ತಿ ಉದ್ದ ಬೇಕು. ಆ ಹೆಚ್ಚಿನ ಉದ್ದವನ್ನು ನಾನು ಕೊಡಲಿಲ್ಲ, ಅದು ಅಂಚಿನ ದಾರಗಳನ್ನು ಒಳಕ್ಕೆ ಎಳೆದು ಪಡೆದುಕೊಂಡಿತು. ಹೊಕ್ಕನ್ನು ಕಾಮನಬಿಲ್ಲಿನ ಹಾಗೆ ಸ್ವಲ್ಪ ಬಾಗಿಸಿ ಹಾಕಿ, ಆಮೇಲೆ ಬಾಚಣಿಗೆಯಿಂದ ಕೆಳಕ್ಕೆ ಒತ್ತಬೇಕು. ಆ ಬಾಗಿನಲ್ಲಿದ್ದ ಉದ್ದವೇ ಬಳುಕಿಗೆ ಸಾಲುತ್ತದೆ.

ವಸ್ತುಗಳ ಸ್ವಭಾವ

ಮಗ್ಗದ ಮೇಲೆ ಲೋಹ ಕೂತರೆ ಅದು ಹೊಸ ಪ್ರಯೋಗ ಅಂದುಕೊಳ್ಳುವವರಿದ್ದಾರೆ. ಮೈಸೂರು ರೇಷ್ಮೆಯ ಜರಿ ಮತ್ತೇನು? ಬೆಳ್ಳಿಯನ್ನು ಕೂದಲಷ್ಟು ಸಣ್ಣ ತಂತಿಯಾಗಿ ಎಳೆದು, ಚಪ್ಪಟೆ ಮಾಡಿ, ರೇಷ್ಮೆ ಎಳೆಗೆ ಸುತ್ತಿ, ಚಿನ್ನದ ಲೇಪ ಕೊಟ್ಟದ್ದು. ಅದರಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ. ಲೋಹ ತನ್ನಷ್ಟಕ್ಕೆ ಮಗ್ಗದಲ್ಲಿ ಬಳುಕುವುದಿಲ್ಲ. ಅದಕ್ಕೇ ಬಳುಕುವ ಕೆಲಸ ರೇಷ್ಮೆಗೆ, ಹೊಳೆಯುವ ಕೆಲಸ ಬೆಳ್ಳಿಗೆ ಅಂತ ಹಂಚಿದ್ದಾರೆ. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ನೇಯ್ಗೆ ಕಲಾವಿದೆ ಆನಿ ಆಲ್ಬರ್ಸ್ ಮಾಡಿದ್ದೂ ಇಂಥದೇ ಹಂಚಿಕೆ. ಬರ್ನೌ ಊರಿನ ಒಂದು ಸಭಾಂಗಣದ ಗೋಡೆಗೆ ಅವರು ಹತ್ತಿ ಮತ್ತು ಸೆಲೋಫೇನ್ (ಗಾಜಿನ ಹಾಗೆ ಹೊಳೆಯುವ ತೆಳು ಹಾಳೆ) ಸೇರಿಸಿ ಬಟ್ಟೆ ನೇಯ್ದರು. ಬಟ್ಟೆಯ ಒಂದು ಮಗ್ಗುಲು ಸದ್ದು ಹೀರುತ್ತಿತ್ತು, ಇನ್ನೊಂದು ಬೆಳಕು ಹಿಂದಿರುಗಿಸುತ್ತಿತ್ತು. 1930ರಲ್ಲಿ ಅವರಿಗೆ ಡಿಪ್ಲೊಮಾ ಸಿಕ್ಕಿದ್ದು ಈ ಕೆಲಸಕ್ಕೆ. ಸೆಲೋಫೇನ್ ಚೆಂದ ಕಾಣುತ್ತದೆ ಅಂತ ಹಾಕಿದ್ದಲ್ಲ, ಅದಕ್ಕೊಂದು ಕೆಲಸ ಇತ್ತು. ನನಗೆ ಇಷ್ಟವಾಗುವುದು ಇದೇ.

ನಮ್ಮ ಸುತ್ತಲಿನ ವಸ್ತುಗಳನ್ನು ನಾನು ಮೂರು ರೀತಿ ಪರೀಕ್ಷೆ ಮಾಡುತ್ತೇನೆ. ಎಳೆದು ನೋಡುತ್ತೇನೆ, ಬಗ್ಗಿಸಿ ನೋಡುತ್ತೇನೆ, ನೆನೆಸಿ ನೋಡುತ್ತೇನೆ.

ಹಾಲಿನ ಪ್ಯಾಕೆಟ್ಟನ್ನು ತೊಳೆದು ಬೆರಳಗಲದ ಪಟ್ಟಿ ಕತ್ತರಿಸಿ ಎಳೆಯಿರಿ. ಮೊದಲು ಹಿಗ್ಗುತ್ತದೆ, ಆಮೇಲೆ ಒಂದು ಕಡೆ ಸಣ್ಣಗಾಗುತ್ತದೆ, ಬಿಟ್ಟರೆ ಮೊದಲಿನ ಅಳತೆಗೆ ವಾಪಸ್ ಬರುವುದಿಲ್ಲ. ಹಾಸಿನ ಎಳೆಗೆ ಇದು ಆಗದು. ಹೊಕ್ಕಾಗಿ ಮಾತ್ರ ಮೆತ್ತಗೆ ಒತ್ತಿ ಕೂರಿಸಿದರೆ ಬಹಳ ಚೆನ್ನ. ನೈಲಾನ್ ದಾರ, ಪ್ಲಾಸ್ಟಿಕ್ ವೈರ್ ಇವು ಕೈಗೆ ಗಟ್ಟಿಯಾಗಿ ಕಾಣುತ್ತವೆ, ಆದರೆ ಸದಾ ಎಳೆತದಲ್ಲಿಟ್ಟರೆ ದಿನದಿನಕ್ಕೆ ಕೂದಲೆಳೆಯಷ್ಟು ಉದ್ದವಾಗುತ್ತಾ ಹೋಗುತ್ತವೆ. ಇದನ್ನು ಕ್ರೀಪ್ ಅನ್ನುತ್ತಾರೆ. ಪ್ಲಾಸ್ಟಿಕ್ ವೈರ್ ಹೆಣೆದ ಹಳೆ ಕುರ್ಚಿಯಲ್ಲಿ ಕೂತರೆ ಗುಳಿಗೆ ಇಳಿದಂತಾಗುವುದು ಇದರಿಂದಲೇ. ಹಳೆ ಕ್ಯಾಸೆಟ್ಟಿನ ಟೇಪು ಪ್ಲಾಸ್ಟಿಕ್ಕೇ ಆದರೂ ಪಾಲಿಯೆಸ್ಟರ್. ಹಾಡು ಎಳೆದಾಡಬಾರದು ಅಂತ ಹಿಗ್ಗದ ಹಾಗೆ ಮಾಡಿದ್ದು. 60 ನಿಮಿಷದ ಒಂದು ಕ್ಯಾಸೆಟ್ಟಿನಲ್ಲಿ ಸುಮಾರು 90 ಮೀಟರ್ ಟೇಪು ಇರುತ್ತದೆ, ಅಗಲ 3.8 ಮಿಲಿಮೀಟರ್. ಒಂದಡಿ ಚೌಕವನ್ನು ಸಾಲಾಗಿ ತುಂಬಿಸಲು 80 ಸಾಲು, ಹೆಚ್ಚುಕಡಿಮೆ 24 ಮೀಟರ್. ಬಳುಕಿಗೆ ಹೋಗುವುದನ್ನೂ ಸೇರಿಸಿದರೆ ಒಂದು ಕ್ಯಾಸೆಟ್ಟಿಗೆ ಮೂರು ಚೌಕ ಆರಾಮಾಗಿ ಆಗುತ್ತದೆ.

ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಅಂಗಡಿಗಳಲ್ಲಿ ಬಿಚ್ಚಿ ತೆಗೆದ ತಾಮ್ರದ ತಂತಿ ಸಿಗುತ್ತದೆ. ಮಂಡ್ಯ ಜಿಲ್ಲೆಯಲ್ಲಿ ಇಂಥ ಅಂಗಡಿ ಇಲ್ಲದ ಹೋಬಳಿ ಇರಲಿಕ್ಕಿಲ್ಲ. ಬಣ್ಣ ಬಹಳ ಚೆಂದ. ಆದರೆ ತಾಮ್ರವನ್ನು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದರೆ ಅದು ಗಟ್ಟಿಯಾಗುತ್ತಾ ಹೋಗಿ ಮುರಿಯುತ್ತದೆ. ಹಾಗಾಗಿ ಒಂದೇ ಸಲಕ್ಕೆ, ಸರಿಯಾದ ಬಾಗಿನಲ್ಲಿ ಕೂರಿಸಬೇಕು, ಬಿಚ್ಚಿ ಮತ್ತೆ ಹಾಕುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಮೇಲಿನ ಇನಾಮೆಲ್ ಲೇಪ ತೆಗೆಯಲು ಸುಡುವವರಿದ್ದಾರೆ. ಆ ಹೊಗೆ ಕೆಟ್ಟದ್ದು, ದಯವಿಟ್ಟು ಸುಡಬೇಡಿ. ಲೇಪ ಹಾಗೇ ಇದ್ದರೆ ತಾಮ್ರ ಕಪ್ಪಾಗುವುದೂ ನಿಧಾನ.

ನೀರಿನ ವಿಷಯಕ್ಕೆ ಬಂದರೆ ಅದೇ ಒಂದು ಪ್ರಪಂಚ. ಹೊಸೆದ ಹಗ್ಗ ನೆಂದರೆ ಬಿಗಿಯುತ್ತದೆ ಅಂತ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ನೀರು ಕುಡಿದ ವಸ್ತು ಹಿಗ್ಗಬೇಕಲ್ಲ, ಯಾಕೆ ಗಿಡ್ಡವಾಗುತ್ತದೆ? ನಾರಿನ ಎಳೆ ನೀರು ಕುಡಿದಾಗ ದಪ್ಪವಾಗುತ್ತದೆ, ಉದ್ದ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹೊಸೆದ ಹಗ್ಗದಲ್ಲಿ ಎಳೆಗಳು ಒಂದನ್ನೊಂದು ಸುತ್ತಿಕೊಂಡಿವೆ. ಒಂದು ಮೊಳ ದಾರವನ್ನು ಪೆನ್ಸಿಲ್ಲಿಗೆ ಓರೆಯಾಗಿ ನಾಲ್ಕು ಸುತ್ತು ಸುತ್ತಿ, ಅದೇ ನಾಲ್ಕು ಸುತ್ತನ್ನು ದಪ್ಪ ಕೋಲಿಗೆ ಸುತ್ತಿ ನೋಡಿ. ಕೋಲಿನ ಮೇಲೆ ಅದು ಉದ್ದಕ್ಕೆ ಅಷ್ಟು ದೂರ ಹೋಗುವುದಿಲ್ಲ. ದಾರವೆಲ್ಲ ಸುತ್ತುವುದರಲ್ಲೇ ಖರ್ಚಾಗುತ್ತದೆ. ನೆಂದ ಹಗ್ಗದೊಳಗೆ ನಡೆಯುವುದು ಇದೇ. ಹೊಸೆಯದೆ ಪಟ್ಟಿಯಾಗಿ ಸೀಳಿದ ಬಾಳೆನಾರಿಗೆ ಈ ಗುಣ ಇಲ್ಲ. ಅದು ನೆಂದರೆ ಬರೀ ಮೆತ್ತಗಾಗುತ್ತದೆ. ಹಾಗಾಗಿ ತೆಂಗಿನ ನಾರಿನ ಹುರಿಯನ್ನು ಹಾಸಾಗಿ ಹಾಕಿದ ಚೌಕಟ್ಟನ್ನು ಮಳೆ ಬೀಳುವ ಜಾಗದಲ್ಲಿಟ್ಟರೆ ತಂತಿ ಸೋಲುತ್ತದೆ. ಬಾಳೆನಾರು ಪಟ್ಟಿಗೆ ಆ ಬಲ ಇಲ್ಲ.

ಹಸಿ ಕಬ್ಬಿನ ಸೋಗೆ, ಹಸಿ ಗರಿ ಕಂಡ ತಕ್ಷಣ ನೇಯಬೇಕು ಅನ್ನಿಸುತ್ತದೆ. ಬಹಳ ಸಲೀಸಾಗಿ ಬಾಗುತ್ತವೆ. ಎರಡು ವಾರ ಬಿಟ್ಟು ನೋಡಿದರೆ ಸಾಲು ಸಾಲಿನ ನಡುವೆ ಬೆಳಕು ಕಾಣುತ್ತದೆ. ಒಣಗಿ ಅಗಲ ಕಮ್ಮಿಯಾಗಿರುತ್ತದೆ. ಚಾಪೆ ಹೆಣೆಯುವವರ ಕ್ರಮವೇ ಸರಿ: ಮೊದಲು ಪೂರ್ತಿ ಒಣಗಿಸಬೇಕು, ಹೆಣೆಯುವ ಮುಂಚೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೆತ್ತಗೆ ಮಾಡಿಕೊಳ್ಳಬೇಕು. ಸೋಗೆಯ ಅಂಚು ಗರಗಸದ ಹಾಗಿರುತ್ತದೆ, ಕೈಗೆ ಬಟ್ಟೆ ಸುತ್ತಿಕೊಳ್ಳುವುದು ಒಳ್ಳೆಯದು.

ಒದ್ದೆ ನಾರನ್ನು ಬರೀ ಕಬ್ಬಿಣದ ತಂತಿಗೆ ಸುತ್ತಿದರೆ ಮುಟ್ಟಿದ ಕಡೆಯೆಲ್ಲ ಕಪ್ಪು ಕಲೆ ಬೀಳುತ್ತದೆ. ಬಾಳೆಕಾಯಿಯನ್ನು ಕಬ್ಬಿಣದ ಈಳಿಗೆಮಣೆಯಲ್ಲಿ ಹೆಚ್ಚಿದಾಗ ಕಪ್ಪಾಗುತ್ತದಲ್ಲ, ಅದೇ ಸಂಗತಿ. ಗಿಡದ ಒಗರು ಕಬ್ಬಿಣದ ಜೊತೆ ಸೇರಿ ಕಪ್ಪು ಬಣ್ಣವಾಗುತ್ತದೆ. ಕಲಂಕಾರಿಯವರು ಅಳಲೆಕಾಯಿ ಮತ್ತು ಕಬ್ಬಿಣದ ನೀರಿನಿಂದ ಕಪ್ಪು ತೆಗೆಯುವುದೂ ಇದೇ ದಾರಿಯಲ್ಲಿ. ಕಲೆ ಬೇಡವಾದರೆ ಸತು ಲೇಪದ ಜಿಐ ತಂತಿ ತರಬೇಕು. ನಾನಂತೂ ಎಷ್ಟೋ ಸಲ ಬೇಕೆಂದೇ ಬರೀ ಕಬ್ಬಿಣ ಹಾಕಿದ್ದೇನೆ. ತಂತಿ ಎಲ್ಲೆಲ್ಲಿ ಹಾದಿದೆ ಅಂತ ನಾರಿನ ಮೇಲೆ ನೆರಳಿನ ಹಾಗೆ ಮೂಡುತ್ತದೆ.

ದುಂಡು ಚೌಕಟ್ಟಿನ ಬೆಸ ಸಂಖ್ಯೆ

ಹಳೆ ಸೈಕಲ್ ಚಕ್ರ ಸಿಕ್ಕರೆ ಎಲ್ಲರೂ ಮೊದಲು ಮಾಡುವುದು ಅದರಲ್ಲಿ ನೇಯುವುದು. ನಡುವಿನಿಂದ ಶುರು ಮಾಡಿ, ಒಂದು ಕಡ್ಡಿಯ ಮೇಲೆ, ಮುಂದಿನದರ ಕೆಳಗೆ ಅಂತ ಸುತ್ತುತ್ತಾ ಹೋಗುತ್ತಾರೆ. ಎರಡನೇ ಸುತ್ತಿಗೆ ಬಂದಾಗ ಕೈ ನಿಲ್ಲುತ್ತದೆ. ಮೊದಲ ಸುತ್ತಿನಲ್ಲಿ ಮೇಲೆ ಹೋದ ಕಡೆಯೇ ಮತ್ತೆ ಮೇಲೆ ಹೋಗುತ್ತಿದೆ. ನೇಯ್ಗೆಯೇ ಆಗುತ್ತಿಲ್ಲ, ಸುಮ್ನೆ ದಾರ ಮೇಲೊಂದು ಕೆಳಗೊಂದು ಗುಡ್ಡೆ ಬೀಳುತ್ತಿದೆ.

ಕಡ್ಡಿಗಳು ನಾಲ್ಕಿವೆ ಅಂದುಕೊಳ್ಳಿ. ಮೇಲೆ, ಕೆಳಗೆ, ಮೇಲೆ, ಕೆಳಗೆ. ಐದನೆಯ ಹೆಜ್ಜೆಗೆ ಮೊದಲ ಕಡ್ಡಿಗೆ ವಾಪಸ್ ಬರುತ್ತೇವೆ, ಅದು ಮತ್ತೆ ಮೇಲೆ. ಕಡ್ಡಿ ಐದಿದ್ದರೆ? ಮೇಲೆ, ಕೆಳಗೆ, ಮೇಲೆ, ಕೆಳಗೆ, ಮೇಲೆ. ಆರನೆಯ ಹೆಜ್ಜೆಗೆ ಮೊದಲ ಕಡ್ಡಿ, ಈಗ ಕೆಳಗೆ. ಸುತ್ತು ತಾನಾಗಿಯೇ ಅದಲುಬದಲಾಯಿತು. ಚೌಕದ ನೇಯ್ಗೆಯಲ್ಲಿ ಈ ತೊಂದರೆ ಬರುವುದಿಲ್ಲ, ಯಾಕೆಂದರೆ ಅಂಚಿಗೆ ಹೋಗಿ ತಿರುಗುವಾಗಲೇ ಅದಲುಬದಲು ನಡೆದುಹೋಗುತ್ತದೆ. ವೃತ್ತಕ್ಕೆ ಅಂಚೂ ಇಲ್ಲ, ತಿರುವೂ ಇಲ್ಲ. ಆದ್ದರಿಂದ ಕಡ್ಡಿಗಳ ಸಂಖ್ಯೆ ಬೆಸವಾಗಿರಬೇಕು.

ಸೈಕಲ್ ಚಕ್ರದ ಕಡ್ಡಿಗಳು ಸಮಸಂಖ್ಯೆ. ಒಂದು ಕಡೆ ಪಕ್ಕಪಕ್ಕದ ಎರಡು ಕಡ್ಡಿಯನ್ನು ಒಂದೇ ಅಂತ ಲೆಕ್ಕ ಹಿಡಿದರೆ ಬೆಸವಾಗುತ್ತದೆ. ಬುಟ್ಟಿ ಹೆಣೆಯುವವರು ಇದನ್ನೇ ತಿರುಗಿಸಿ ಮಾಡುತ್ತಾರೆ, ಒಂದು ಕಡ್ಡಿಯನ್ನು ಸೀಳಿ ಎರಡು ಮಾಡುತ್ತಾರೆ. ಇಲ್ಲವೇ ಎರಡು ಹೊಕ್ಕು ಒಟ್ಟಿಗೆ ಹಿಡಿದು, ಪ್ರತಿ ಕಡ್ಡಿಯ ಆಚೆ ಒಂದು ಈಚೆ ಒಂದು ಹಾಯಿಸಿ, ನಡುವೆ ತಿರುವಿ ಹೆಣೆದರೆ ಸಂಖ್ಯೆಯ ಚಿಂತೆಯೇ ಇಲ್ಲ.

ದುಂಡಿನಲ್ಲಿ ಇನ್ನೊಂದು ಗುಣ ಇದೆ. ನಡುವಿನಿಂದ ದೂರ ಎರಡು ಪಟ್ಟಾದರೆ ಕಡ್ಡಿಗಳ ನಡುವಿನ ಜಾಗವೂ ಎರಡು ಪಟ್ಟು. ಒಂದೇ ದಾರ ಹೊರಗೆ ಹೋದಂತೆ ಸಡಿಲವಾಗಿ ಕಾಣುತ್ತದೆ. ಹಾಗಾಗಿ ವಸ್ತುವನ್ನೇ ಬದಲಿಸುತ್ತಾ ಹೋಗಬೇಕಾಗುತ್ತದೆ. ನಡುವಿನಲ್ಲಿ ರೇಷ್ಮೆ, ಅದರಾಚೆ ಸುತಳಿ, ಆಮೇಲೆ ಬಾಳೆನಾರು, ಅಂಚಿನಲ್ಲಿ ತೆಂಗಿನ ಹುರಿ. ನನ್ನ ಮನೆಯಲ್ಲಿರುವ ಒಂದು ಚಕ್ರಕ್ಕೆ ಈ ಕ್ರಮ ಬಂದದ್ದು ಅಲಂಕಾರಕ್ಕೆ ಅಂತಲ್ಲ. ಜಾಗ ಅಗಲವಾದಂತೆ ದಪ್ಪ ಎಳೆ ಬೇಕಾಯಿತು, ಅಷ್ಟೇ. ನೋಡಿದವರೆಲ್ಲ ಮೊದಲು ಮೆಚ್ಚುವುದು ಆ ಕ್ರಮವನ್ನೇ.

ನೇರ ದಾರದಿಂದ ಬಾಗಿದ ಮೈ

ನನಗೆ ಎಲ್ಲಕ್ಕಿಂತ ಅಚ್ಚರಿ ತಂದದ್ದು ಕೊನೆಗೆ ಹೇಳಲು ಉಳಿಸಿಕೊಂಡಿದ್ದೆ. ಚೌಕದ ಚೌಕಟ್ಟನ್ನು ಕೈಯಲ್ಲಿ ಹಿಡಿದು, ಎದುರುಬದುರಾದ ಎರಡು ಮೂಲೆಗಳನ್ನು ಮೇಲಕ್ಕೆ ಎತ್ತಿ. ಉಳಿದ ಎರಡು ಮೂಲೆ ಕೆಳಗಿರಲಿ. ಈಗ ಚೌಕಟ್ಟು ಮೇಜಿನ ಮೇಲೆ ಚಪ್ಪಟೆ ಮಲಗುವುದಿಲ್ಲ, ಆದರೆ ನಾಲ್ಕು ಬದಿಯೂ ನೇರವಾಗಿಯೇ ಇವೆ. ಪ್ರತಿ ಬದಿಯನ್ನೂ ಸಮ ಭಾಗ ಮಾಡಿ ಗುರುತು ಹಾಕಿ, ಎದುರು ಬದಿಯ ಸರಿಸಮ ಗುರುತಿಗೆ ದಾರ ಎಳೆಯಿರಿ. ಒಂದೊಂದು ದಾರವೂ ನೆಟ್ಟಗೆ. ಎಲ್ಲ ಸೇರಿ ಕಾಣುವ ಮೈ ಮಾತ್ರ ಟಾಂಗಾ ಕುದುರೆಯ ಜೀನಿನ ಹಾಗೆ ಬಾಗಿದ್ದು. ಒಂದು ದಿಕ್ಕಿಗೆ ಉಬ್ಬು, ಇನ್ನೊಂದು ದಿಕ್ಕಿಗೆ ತಗ್ಗು.

ಇನ್ನೂ ಚೆಂದದ ಸಂಗತಿ ಏನೆಂದರೆ, ಉಳಿದ ಎರಡು ಬದಿಗಳ ನಡುವೆ ಹೊಕ್ಕನ್ನು ಇದೇ ರೀತಿ ನೇರ ಎಳೆದರೆ ಅದೂ ಅದೇ ಮೈಯ ಮೇಲೆ ಕೂರುತ್ತದೆ. ಹಾಸೂ ನೇರ, ಹೊಕ್ಕೂ ನೇರ, ಬಟ್ಟೆ ಬಾಗು. ಬಿಗಿದ ದಾರಕ್ಕೆ ನೇರ ಹೋಗುವುದು ಸ್ವಭಾವ. ಈ ಆಕಾರದಲ್ಲಿ ಯಾವ ದಾರಕ್ಕೂ ತನ್ನ ಸ್ವಭಾವ ಬಿಡಬೇಕಾಗಿಲ್ಲ, ಅದಕ್ಕೇ ಬಿಗಿ ಎಷ್ಟಿದ್ದರೂ ಆಕಾರ ಕೆಡುವುದಿಲ್ಲ. ಅದೇ ಮಡಕೆಯ ಬೆನ್ನಿನ ಹಾಗೆ ಎಲ್ಲ ಕಡೆ ಉಬ್ಬಿದ ಆಕಾರವನ್ನು ಬಿಗಿದ ದಾರದಿಂದಲೇ ಮಾಡಲು ಹೋದರೆ, ದಾರ ಒಳಗಿನಿಂದ ಅಡ್ಡ ಹಾದುಬಿಡುತ್ತದೆ. ಅಲ್ಲಿ ಒಳಗೆ ತಂತಿಯ ಪಕ್ಕೆಲುಬು ಕೊಡಲೇಬೇಕು, ಅಂದರೆ ಮಂಚದ ಬಗೆ ಬಿಟ್ಟು ಮಂಕರಿ ಬಗೆಗೆ ಹೋಗಬೇಕು.

ನೌಮ್ ಗಾಬೊ ಅನ್ನುವ ಶಿಲ್ಪಿ 1942-43ರ ಹೊತ್ತಿಗೆ ಪಾರದರ್ಶಕ ಪ್ಲಾಸ್ಟಿಕ್ ಚೌಕಟ್ಟಿಗೆ ನೈಲಾನ್ ದಾರ ಸಾಲಾಗಿ ಬಿಗಿದು ಶಿಲ್ಪ ಮಾಡಿದರು. ಅದರಲ್ಲಿ ಹೊಕ್ಕು ಇಲ್ಲ, ಬರೀ ಹಾಸು. ಕಣ್ಣಿಗೆ ಕಾಣುವುದು ಮಾತ್ರ ಬಾಗಿದ ಬೆಳಕು. ಅಮೆರಿಕದ ಶಿಲ್ಪಿ ರೂತ್ ಅಸಾವಾ 1947ರಲ್ಲಿ ಮೆಕ್ಸಿಕೋದ ತೊಲುಕಾದಲ್ಲಿ ತಂತಿ ಬುಟ್ಟಿ ಹೆಣೆಯುವುದನ್ನು ಕಲಿತು, ಆಮೇಲೆ ತಂತಿಯಿಂದಲೇ ತೂಗುವ ದೊಡ್ಡ ಆಕಾರಗಳನ್ನು ಮಾಡಿದರು. ಅವುಗಳನ್ನು ನೇಯ್ಗೆ ಅಂತ ಬರೆಯುವವರಿದ್ದಾರೆ, ಆದರೆ ಅದು ಕುಣಿಕೆ ಕೆಲಸ. ಒಂದು ಕುಣಿಕೆಯೊಳಗೆ ಮುಂದಿನ ಕುಣಿಕೆ. ಅಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ, ಬಿಗಿಯೂ ಬೇಡ, ಅದಕ್ಕೇ ಚೌಕಟ್ಟೂ ಬೇಡ. ನಮ್ಮ ದೇಶದ ಮೃಣಾಲಿನಿ ಮುಖರ್ಜಿ ನಾರಿನ ಹಗ್ಗಕ್ಕೆ ಗಂಟು ಹಾಕುತ್ತಲೇ ಆಳೆತ್ತರದ ಶಿಲ್ಪಗಳನ್ನು ಕಟ್ಟಿದರು. ಅದು ಗಂಟಿನ ಕೆಲಸ, ಇನ್ನೊಂದೇ ಮನೆ. ಈ ಭೇದ ಗೊತ್ತಿದ್ದರೆ, ಯಾವ ಆಕಾರಕ್ಕೆ ಚೌಕಟ್ಟು ಬೇಕು, ಯಾವುದಕ್ಕೆ ಬೇಡ ಅನ್ನುವುದು ತಂತಿ ಕೊಳ್ಳುವ ಮುಂಚೆಯೇ ಗೊತ್ತಾಗುತ್ತದೆ.

ಎರಡನೇ ಸಲ ನಾನು 8 ಗೇಜ್ ತಂತಿ ತಂದೆ. ಅದೇ ಒಂದೂವರೆ ಅಡಿ, ಅದೇ ಹತ್ತಿ ದಾರ, ಬಿಲ್ಲಿನ ಉಪಾಯ. ದಾರ ಸಾಲದೆ ಬಂದು ಬಲಗಡೆ ಆರು ಎಳೆ ನೈಲಾನ್ ಹಾಕಿದೆ. ಮುಗಿದ ಮೇಲೆ ತಾತನ ಹಾಗೆ ಒಂದೊಂದೇ ಎಳೆಯನ್ನು ಮೀಟಿ ನೋಡಿದೆ, ಎಲ್ಲವೂ ಒಂದೇ ಶ್ರುತಿಯಲ್ಲಿ ಇದ್ದವು. ಜಗುಲಿಯಲ್ಲಿ ನೇತುಹಾಕಿ ಈಗ ಎರಡು ಮಳೆಗಾಲ ಕಳೆದಿವೆ. ಜುಲೈಯಲ್ಲಿ ಹತ್ತಿಯ ದನಿ ಒಂಚೂರು ಏರುತ್ತದೆ, ಏಪ್ರಿಲ್ ಬಿಸಿಲಿಗೆ ಇಳಿಯುತ್ತದೆ. ಬಲಗಡೆಯ ಆರು ಎಳೆ ಮಾತ್ರ ಮೀಟಿದರೆ ಈಗ ಸದ್ದು ಮಾಡುವುದಿಲ್ಲ.